ಸರ್ವರ್ ನಿಲ್ಲಿಸದೆ, ಸೆಷನ್ ಕಳೆಯದೆ: ಜಾವಾ ವೆಬ್ ಅನ್ವಯಗಳ ಪರಿಷ್ಕರಣೆ

ಪೀಠಿಕೆ

ದಾವಣಗೆರೆ ಜಿಲ್ಲೆ ಹರಿಹರ ತಾಲ್ಲೂಕಿನ ಕೊಂಡಜ್ಜಿಯು ತನ್ನ ಕೆರೆಗೂ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರಕ್ಕೂ ಹೆಸರಾದ ಗ್ರಾಮ. ಇಂತಹ ಗ್ರಾಮವೊಂದರ ರೈತನಿಗೂ ಸರ್ಕಾರಿ ಗಣಕಯಂತ್ರಕ್ಕೂ ಇರುವ ಸಂಬಂಧವು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಎರಡು ಘಟ್ಟಗಳನ್ನು ಕಂಡಿದೆ. 2000ದ ಸುಮಾರಿಗೆ ರಾಜ್ಯದಲ್ಲಿ ಜಾರಿಗೆ ಬಂದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳನ್ನು ಗಣಕೀಕರಿಸಿತು. ಆಗ ಪಹಣಿ ಬೇಕಾದವರು ತಾಲ್ಲೂಕು ಕಚೇರಿಯ ಭೂಮಿ ಕೇಂದ್ರಕ್ಕೆ ಹೋಗಬೇಕಾಗಿತ್ತು. ಕಚೇರಿಯ ಬಾಗಿಲು ಮುಚ್ಚಿದ ಮೇಲೆ ಗಣಕಕ್ಕೂ ಬಿಡುವು ಸಿಗುತ್ತಿತ್ತು. ತಂತ್ರಾಂಶದಲ್ಲಿ ಬದಲಾವಣೆ ಮಾಡಬೇಕಾದವರಿಗೆ ಆ ಬಿಡುವೇ ಸಾಕಾಗಿತ್ತು. ಭೂಮಿ ತಂತ್ರಾಂಶವು ಜಾವಾ ಆಧಾರಿತವಾಗಿರಲಿಲ್ಲ. ಅದನ್ನು ಇಲ್ಲಿ ಹೆಸರಿಸಿರುವುದು ಈ ಬಿಡುವಿನ ಕಾರಣಕ್ಕಾಗಿ ಮಾತ್ರ.

ಎರಡನೆಯ ಘಟ್ಟವು ಗ್ರಾಮ ಒನ್ ಕೇಂದ್ರಗಳದು. ದಾವಣಗೆರೆ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ನಡೆದ ಈ ಯೋಜನೆಯು 2022ರ ಜನವರಿಯಲ್ಲಿ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಈಗ ಅರ್ಜಿಯು ಗ್ರಾಮದಲ್ಲಿಯೇ ಭರ್ತಿಯಾಗುತ್ತದೆ. ಅದನ್ನು ಸ್ವೀಕರಿಸುವ ಸರ್ವರ್ ದೂರದ ದತ್ತಕೇಂದ್ರದಲ್ಲಿರುತ್ತದೆ. ಸೇವಾ ಸಿಂಧುವಿನಂತಹ ಜಾಲತಾಣಗಳನ್ನು ನಾಗರಿಕರು ಮನೆಯಿಂದ ಯಾವ ಹೊತ್ತಿನಲ್ಲಾದರೂ ತೆರೆಯಬಹುದು. ಸರ್ವರಿಗೆ ಬಾಗಿಲು ಮುಚ್ಚುವ ಹೊತ್ತೆಂಬುದು ಇಲ್ಲವಾಗಿದೆ. ಕೆರೆಯ ತೂಬನ್ನು ಬೇಸಗೆಯಲ್ಲಿ ನೀರು ತಳ ಕಂಡಾಗ ದುರಸ್ತಿ ಮಾಡುವುದು ರೂಢಿ. ವರ್ಷವಿಡೀ ನೀರು ತುಂಬಿದ್ದು, ಕಾಲುವೆಯೂ ಹರಿಯುತ್ತಲೇ ಇರಬೇಕೆಂದಾದರೆ ತೂಬನ್ನು ಬದಲಿಸುವುದು ಹೇಗೆ ಎಂಬುದೇ ಇಂದಿನ ವೆಬ್ ಅನ್ವಯಗಳ ನಿರ್ವಾಹಕರ ಮುಂದಿರುವ ಪ್ರಶ್ನೆ.

ಈ ಪ್ರಶ್ನೆಗೆ ಎರಡು ಮುಖಗಳಿವೆ. ಅರ್ಜಿಯ ನಾಲ್ಕನೆಯ ಪುಟದಲ್ಲಿರುವಾಗ ಸರ್ವರ್ ಮರುಚಾಲನೆಗೊಂಡರೆ ಅರ್ಜಿದಾರನು ಮತ್ತೆ ಮೊದಲ ಪುಟದಿಂದ ಆರಂಭಿಸಬೇಕಾಗುತ್ತದೆ. ಕೂಲಿಯನ್ನು ಬಿಟ್ಟು ಬಂದು ಸರದಿಯಲ್ಲಿ ನಿಂತವನಿಗೆ ಇದು ಅರ್ಧ ದಿನದ ನಷ್ಟ. ಇದಕ್ಕೆ ಅಂಜಿ ಪರಿಷ್ಕರಣೆಯನ್ನು ಮುಂದೂಡಿದರೆ ಬೇರೊಂದು ಅಪಾಯ ಎದುರಾಗುತ್ತದೆ. 2017ರ ಮಾರ್ಚ್ ತಿಂಗಳಲ್ಲಿ ಅಪಾಚೆ ಸ್ಟ್ರಟ್ಸ್ ಎಂಬ ಜಾವಾ ಚೌಕಟ್ಟಿನ ಗಂಭೀರ ದೋಷಕ್ಕೆ ತಿದ್ದುಪಡಿ ಪ್ರಕಟವಾಯಿತು. ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯ ಒಂದು ಅನ್ವಯದಲ್ಲಿ ಆ ತಿದ್ದುಪಡಿ ಅಳವಡಿಕೆಯಾಗದೆ ಉಳಿದುದರಿಂದ ಸುಮಾರು 14.7 ಕೋಟಿ ಜನರ ವೈಯಕ್ತಿಕ ವಿವರಗಳು ಸೋರಿಹೋದವು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ದಾಖಲಾತಿ ಗ್ರಂಥಾಲಯದ ದೋಷ ಬಯಲಾದಾಗ 2.15, 2.16, 2.17 ಎಂಬ ತಿದ್ದುಪಡಿ ಆವೃತ್ತಿಗಳು ಒಂದೇ ತಿಂಗಳಲ್ಲಿ ಒಂದರ ಹಿಂದೆ ಒಂದರಂತೆ ಬಂದವು. ಪ್ರತಿ ಬಾರಿಯೂ ಸೇವೆಯನ್ನು ನಿಲ್ಲಿಸಬೇಕಾದ ವ್ಯವಸ್ಥೆಯಲ್ಲಿ ಇಂತಹ ತಿಂಗಳನ್ನು ದಾಟುವುದು ಕಷ್ಟ. ಆದುದರಿಂದ ಸೇವೆಗೆ ಭಂಗ ಬಾರದ ಪರಿಷ್ಕರಣೆಯು ಕೇವಲ ಅನುಕೂಲದ ವಿಷಯವಲ್ಲ. ನಾಗರಿಕರ ದತ್ತಾಂಶದ ಭದ್ರತೆಗೂ ಅದು ಸಂಬಂಧಿಸಿದೆ. ಜಾವಾ ಭಾಷೆಯ ರಚನೆಯು ಈ ಕಾರ್ಯಕ್ಕೆ ಒಡ್ಡುವ ತೊಡಕು ಯಾವುದು, ಅದಕ್ಕೆ ರೂಪುಗೊಂಡ ಪರಿಹಾರಗಳು ಯಾವುವು, ಅವುಗಳ ಮಿತಿಗಳೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಸೆಷನ್ ಎಂದರೇನು

ಅಂತರಜಾಲದ ಎಚ್‌ಟಿಟಿಪಿ ನಿಯಮಾವಳಿಗೆ ನೆನಪಿಲ್ಲ. ಬ್ರೌಸರ್ ಕಳುಹಿಸುವ ಪ್ರತಿಯೊಂದು ಕೋರಿಕೆಯೂ ಸರ್ವರಿನ ದೃಷ್ಟಿಯಲ್ಲಿ ಹೊಸಬನ ಕೋರಿಕೆಯೇ. ಮೊದಲ ಪುಟದಲ್ಲಿ ಹೆಸರು ಬರೆದವನೇ ಎರಡನೆಯ ಪುಟದಲ್ಲಿ ವಿಳಾಸ ಬರೆಯುತ್ತಿದ್ದಾನೆ ಎಂದು ತಿಳಿಯಲು ಸರ್ವರ್ ಒಂದು ಗುರುತಿನ ಸಂಖ್ಯೆಯನ್ನು ನೀಡುತ್ತದೆ. ಬ್ರೌಸರ್ ಅದನ್ನು ಕುಕಿಯ ರೂಪದಲ್ಲಿ ಇಟ್ಟುಕೊಂಡು ಪ್ರತಿ ಕೋರಿಕೆಯೊಡನೆ ಮರಳಿಸುತ್ತದೆ. ಜಾವಾ ಸರ್ವರುಗಳಲ್ಲಿ ಈ ಕುಕಿಯ ರೂಢಿಯ ಹೆಸರು 'ಜೆಸೆಷನ್‌ಐಡಿ'. ಆ ಸಂಖ್ಯೆಗೆ ಎದುರಾಗಿ ಸರ್ವರ್ ತನ್ನ ಸ್ಮೃತಿಯಲ್ಲಿ ಇಟ್ಟುಕೊಳ್ಳುವ ವಿವರಗಳ ಕಟ್ಟೇ ಸೆಷನ್.

ಹೋಟೆಲಿನಲ್ಲಿ ಹೊರೆಯನ್ನು ಒಪ್ಪಿಸಿ ಪಡೆಯುವ ಟೋಕನ್ನಿಗೆ ಇದನ್ನು ಹೋಲಿಸಬಹುದು. ಟೋಕನ್ ಗಿರಾಕಿಯ ಬಳಿ ಇದೆ, ಹೊರೆ ಒಳಗಿದೆ. ಒಳಗಿನ ಹೊರೆ ನಾಶವಾದರೆ ಕೈಯಲ್ಲಿರುವ ಟೋಕನ್ನಿಗೆ ಬೆಲೆಯಿಲ್ಲ. ಸರ್ವರ್ ಮರುಚಾಲನೆಗೊಂಡಾಗ ಆಗುವುದು ಇದೇ.

ಬಳಕೆದಾರನು ಹೊರಟುಹೋದುದು ಸರ್ವರಿಗೆ ತಿಳಿಯದ ಕಾರಣ ಸೆಷನ್‌ಗೆ ಒಂದು ಅವಧಿ ಇರುತ್ತದೆ. ಬಹು ಬಳಕೆಯಲ್ಲಿರುವ ಟಾಮ್‌ಕ್ಯಾಟ್ ಸರ್ವರಿನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಈ ಅವಧಿ 30 ನಿಮಿಷ. ಇದನ್ನು ಸೆಷನ್ ಆರಂಭದಿಂದ ಎಣಿಸುವುದಿಲ್ಲ, ಕೊನೆಯ ಕೋರಿಕೆಯಿಂದ ಎಣಿಸಲಾಗುತ್ತದೆ. ಬಳಕೆದಾರನು ಕೆಲಸ ಮುಂದುವರಿಸಿದಷ್ಟು ಕಾಲವೂ ಸೆಷನ್ ಬದುಕಿರುತ್ತದೆ ಎಂಬ ಈ ಅಂಶವು ಮುಂದಿನ ಚರ್ಚೆಗೆ ಮುಖ್ಯವಾಗಿದೆ.

ಜಾವಾದಲ್ಲಿ ಕ್ಲಾಸಿನ ಗುರುತು

ಜಾವಾ ಕ್ರಮವಿಧಿಯು ಕ್ಲಾಸುಗಳೆಂಬ ಘಟಕಗಳಿಂದ ಕೂಡಿರುತ್ತದೆ. ಕ್ಲಾಸ್ ಒಂದು ಅಚ್ಚು. ಅದರಿಂದ ತಯಾರಾದ ವಸ್ತುವೇ ಆಬ್ಜೆಕ್ಟ್. 'ಅರ್ಜಿ' ಎಂಬ ಒಂದು ಕ್ಲಾಸ್ ಇದ್ದರೆ, ಸಾವಿರ ಜನ ಅರ್ಜಿ ತುಂಬುತ್ತಿರುವಾಗ ಸ್ಮೃತಿಯಲ್ಲಿ ಸಾವಿರ 'ಅರ್ಜಿ' ಆಬ್ಜೆಕ್ಟುಗಳಿರುತ್ತವೆ. ಸಾಮಾನ್ಯವಾಗಿ ಸೆಷನ್‌ನಲ್ಲಿ ಇರಿಸಲಾಗುವುದು ಇಂತಹ ಆಬ್ಜೆಕ್ಟುಗಳನ್ನೇ.

ಕ್ಲಾಸುಗಳನ್ನು ಕಡತದಿಂದ ಓದಿ ಸ್ಮೃತಿಗೆ ತರುವ ಘಟಕಕ್ಕೆ ಕ್ಲಾಸ್ ಲೋಡರ್ ಎಂದು ಹೆಸರು. ಜೆವಿಎಂ ಎಂದು ಕರೆಯಲಾಗುವ ಜಾವಾ ಚಾಲಕ ವ್ಯವಸ್ಥೆಯಲ್ಲಿ ಒಂದು ಕ್ಲಾಸಿನ ಗುರುತು ಕೇವಲ ಅದರ ಹೆಸರಿನಿಂದ ನಿರ್ಧಾರವಾಗುವುದಿಲ್ಲ. ಹೆಸರು ಮತ್ತು ಅದನ್ನು ರೂಪಿಸಿದ ಲೋಡರ್ ಎರಡೂ ಸೇರಿ ಗುರುತಾಗುತ್ತದೆ. ಶೆಂಗ್ ಲಿಯಾಂಗ್ ಮತ್ತು ಗಿಲಾಡ್ ಬ್ರಾಚಾ ಅವರು 1998ರಲ್ಲಿ ಮಂಡಿಸಿದ ಪ್ರಬಂಧವು ಈ ತತ್ತ್ವವನ್ನು ವಿವರವಾಗಿ ನಿರೂಪಿಸಿತು. ಒಂದೇ ಹೆಸರಿನ ಇಬ್ಬರನ್ನು ಊರಿನವರು ಮನೆತನದ ಹೆಸರಿನಿಂದ ಬೇರೆಬೇರೆಯಾಗಿ ಗುರುತಿಸುವಂತೆ, ಒಂದೇ ಹೆಸರಿನ ಎರಡು ಕ್ಲಾಸುಗಳನ್ನು ಜೆವಿಎಂ ಅವುಗಳ ಲೋಡರಿನಿಂದ ಬೇರೆಬೇರೆಯಾಗಿ ಗುರುತಿಸುತ್ತದೆ.

ಈ ತತ್ತ್ವದಿಂದ ದೊಡ್ಡ ಪ್ರಯೋಜನವಿದೆ. ಒಂದೇ ಸರ್ವರಿನಲ್ಲಿ ಹಲವು ಅನ್ವಯಗಳು ಪರಸ್ಪರ ತಾಕದೆ ಇರಬಲ್ಲವು. ಪ್ರತಿಯೊಂದು ಅನ್ವಯಕ್ಕೂ ತನ್ನದೇ ಲೋಡರ್ ಇರುತ್ತದೆ. ಒಂದು ಅನ್ವಯವನ್ನು ಮಾತ್ರ ಬದಲಿಸಬೇಕಾದಾಗ ಸರ್ವರ್ ಹಳೆಯ ಲೋಡರನ್ನು ಕೈಬಿಟ್ಟು, ಹೊಸ ಲೋಡರನ್ನು ನಿರ್ಮಿಸಿ, ಹೊಸ ಕಡತಗಳನ್ನು ಓದಿಕೊಳ್ಳುತ್ತದೆ. ಇಡೀ ಸರ್ವರನ್ನು ನಿಲ್ಲಿಸಬೇಕಾಗಿಲ್ಲ.

ತೊಡಕು ಇರುವುದೂ ಇಲ್ಲಿಯೇ. ಸೆಷನ್‌ನಲ್ಲಿ ಉಳಿದ 'ಅರ್ಜಿ' ಆಬ್ಜೆಕ್ಟ್ ಹಳೆಯ ಲೋಡರಿನ ಕ್ಲಾಸಿಗೆ ಸೇರಿದ್ದು. ಹೊಸ ಕೋಡ್ ನಿರೀಕ್ಷಿಸುವುದು ಹೊಸ ಲೋಡರಿನ 'ಅರ್ಜಿ'ಯನ್ನು. ಹೆಸರು ಒಂದೇ ಆದರೂ, ಕ್ಲಾಸಿನ ಒಂದು ಅಕ್ಷರವೂ ಬದಲಾಗದಿದ್ದರೂ, ಜೆವಿಎಂ ಅವೆರಡನ್ನು ಬೇರೆ ಎಂದೇ ಪರಿಗಣಿಸಿ ಕೋರಿಕೆಯನ್ನು ದೋಷವೆಂದು ತಿರಸ್ಕರಿಸುತ್ತದೆ. ಹೀಗಾಗಿ ಜೀವಂತ ಆಬ್ಜೆಕ್ಟುಗಳನ್ನು ಸೆಷನ್‌ನಲ್ಲಿ ಇರಿಸುವುದೆಂದರೆ ಬಳಕೆದಾರನನ್ನು ಕೋಡಿನ ಒಂದು ನಿರ್ದಿಷ್ಟ ಆವೃತ್ತಿಗೆ ಕಟ್ಟಿಹಾಕಿದಂತೆ. ಸರ್ವರ್ ನಿಲ್ಲಿಸದಿರುವುದು ಒಂದು ಸಮಸ್ಯೆ, ಸೆಷನ್ ಉಳಿಸುವುದು ಮತ್ತೊಂದು ಸಮಸ್ಯೆ. ಮೊದಲನೆಯದಕ್ಕೆ ಲೋಡರ್ ಉತ್ತರ ಕೊಡುತ್ತದೆ. ಆ ಉತ್ತರವೇ ಎರಡನೆಯದನ್ನು ಹುಟ್ಟಿಸುತ್ತದೆ.

ಓಡುತ್ತಿರುವ ಕೋಡನ್ನೇ ತಿದ್ದುವ ವಿಧಾನ

ಲೋಡರನ್ನು ಬದಲಿಸದೆ, ಇರುವ ಕ್ಲಾಸನ್ನೇ ತಿದ್ದಿದರೆ ಗುರುತಿನ ತೊಡಕು ಬರುವುದಿಲ್ಲ. 2002ರಲ್ಲಿ ಬಂದ ಜಾವಾ 1.4ರಲ್ಲಿ 'ಹಾಟ್‌ಸ್ವಾಪ್' ಎಂಬ ಈ ಸೌಲಭ್ಯವನ್ನು ದೋಷಶೋಧನೆಯ ಸಾಧನವಾಗಿ ಒದಗಿಸಲಾಯಿತು. 2004ರ ಜಾವಾ 5 ಮತ್ತು 2006ರ ಜಾವಾ 6 ಆವೃತ್ತಿಗಳು 'ಏಜೆಂಟ್' ಎಂಬ ಸಹಾಯಕ ಕ್ರಮವಿಧಿಯ ಮೂಲಕವೂ ಇದನ್ನು ಸಾಧ್ಯವಾಗಿಸಿದವು. ಆದರೆ ಪ್ರಮಾಣಿತ ಜೆವಿಎಂ ಅನುಮತಿಸುವುದು ಮೆಥಡಿನ ಒಳಗಿನ ಸೂಚನೆಗಳ ಬದಲಾವಣೆಯನ್ನು ಮಾತ್ರ. ಹೊಸ ಮೆಥಡ್ ಸೇರಿಸುವುದು, ಫೀಲ್ಡ್ ತೆಗೆಯುವುದು, ಮಾತೃಕ್ಲಾಸನ್ನು ಬದಲಿಸುವುದು ಸಾಧ್ಯವಿಲ್ಲ. ಮನೆಯ ಗೋಡೆ ಮುಟ್ಟದೆ ಒಳಗಿನ ಸಾಮಾನು ಬದಲಿಸಿದಂತೆ ಇದು.

ಈ ಮಿತಿಯೊಳಗೂ ಅದು ಎಷ್ಟು ಉಪಯುಕ್ತ ಎಂಬುದು 2021ರ ಡಿಸೆಂಬರ್‌ನಲ್ಲಿ ಕಂಡುಬಂದಿತು. ಲಾಗ್‌ಫೋರ್‌ಜೆ ದೋಷ ಬಯಲಾದ ಕೆಲವೇ ದಿನಗಳಲ್ಲಿ ಅಮೆಜಾನ್ ಸಂಸ್ಥೆಯ ಕೊರೆಟ್ಟೊ ಜಾವಾ ತಂಡವು ಒಂದು ಏಜೆಂಟನ್ನು ಪ್ರಕಟಿಸಿತು. ಅದು ಚಾಲನೆಯಲ್ಲಿರುವ ಜೆವಿಎಂಗೆ ಅಂಟಿಕೊಂಡು, ಅಪಾಯಕಾರಿ ಹುಡುಕಾಟ ನಡೆಸುವ ಒಂದೇ ಮೆಥಡಿನ ಒಳಭಾಗವನ್ನು ತೆಗೆದು, ಅದು ಸದಾ ಒಂದು ನಿಶ್ಚಿತ ವಾಕ್ಯವನ್ನು ಮರಳಿಸುವಂತೆ ಮಾಡುತ್ತಿತ್ತು. ಕ್ಲಾಸಿನ ಆಕಾರ ಬದಲಾಗದ ಕಾರಣ ಸೆಷನ್‌ಗಳಿಗೆ ಧಕ್ಕೆಯಿರಲಿಲ್ಲ. ಆದರೆ ಇಂತಹ ತೇಪೆ ಶಾಶ್ವತವಲ್ಲ. ಸರ್ವರ್ ಮರುಚಾಲನೆಗೊಂಡರೆ ಅದನ್ನು ಮತ್ತೆ ಹಚ್ಚಬೇಕು. ಅಮೆಜಾನಿನ ಈ ತೇಪೆಯನ್ನು ಹಚ್ಚುವ ಸಾಧನಗಳಲ್ಲಿಯೇ ಭದ್ರತಾ ದೋಷಗಳಿದ್ದುದು 2022ರ ಏಪ್ರಿಲ್‌ನಲ್ಲಿ ಪ್ರಕಟವಾಗಿ, ಅವುಗಳನ್ನೂ ತಿದ್ದಬೇಕಾಯಿತು.

ಹಾಟ್‌ಸ್ವಾಪಿನ ಮಿತಿಯನ್ನು ಮೀರುವ ಪ್ರಯತ್ನಗಳೂ ನಡೆದಿವೆ. ಎಸ್ಟೋನಿಯಾ ದೇಶದ ಜೀರೋಟರ್ನ್‌ಅರೌಂಡ್ ಸಂಸ್ಥೆಯು 2007ರಲ್ಲಿ ಹೊರತಂದ, ಮುಂದೆ ಜೆರೆಬೆಲ್ ಎಂದು ಹೆಸರಾದ ಸಾಧನವು ಹೊಸ ಮೆಥಡ್ ಮತ್ತು ಫೀಲ್ಡುಗಳನ್ನೂ ಸೇರಿಸಬಲ್ಲದಾಗಿತ್ತು. ಆಸ್ಟ್ರಿಯಾದ ಲಿಂಜ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ವುರ್ತಿಂಗರ್ ಮತ್ತು ಸಂಗಡಿಗರು ಜೆವಿಎಂ ಅನ್ನೇ ಮಾರ್ಪಡಿಸಿ ಡಿಸಿಇವಿಎಂ ಎಂಬ ರೂಪವನ್ನು ಸಿದ್ಧಪಡಿಸಿದರು. ಇವು ತಂತ್ರಾಂಶ ಬರೆಯುವವರ ಮೇಜಿನ ಮೇಲೆ ಸಮಯ ಉಳಿಸುವ ಸಾಧನಗಳಾಗಿ ನೆಲೆಗೊಂಡಿವೆ. ಸಾರ್ವಜನಿಕ ಸೇವೆಯ ಸರ್ವರುಗಳಲ್ಲಿ ಮಾತ್ರ ಒಂದು ಮೂಲಭೂತ ಪ್ರಶ್ನೆ ಉಳಿಯುತ್ತದೆ. 'ಅರ್ಜಿ' ಕ್ಲಾಸಿಗೆ 'ಪಡಿತರ ಚೀಟಿಯ ಸಂಖ್ಯೆ' ಎಂಬ ಹೊಸ ಫೀಲ್ಡ್ ಸೇರಿದರೆ, ಈಗಾಗಲೇ ಅರ್ಧ ತುಂಬಿದ ಅರ್ಜಿಗಳಲ್ಲಿ ಅದರ ಮೌಲ್ಯವೇನು? ಯಂತ್ರ ಅದನ್ನು ಬರಿದಾಗಿ ಇಡಬಲ್ಲದೇ ಹೊರತು ಅದರ ಅರ್ಥವನ್ನು ನಿರ್ಧರಿಸಲಾರದು. ಆ ನಿರ್ಧಾರ ತಂತ್ರಾಂಶ ರಚಿಸಿದವರದು.

ಬರೆದಿಟ್ಟು ಮತ್ತೆ ಓದುವ ವಿಧಾನ

ಮತ್ತೊಂದು ಮಾರ್ಗವೆಂದರೆ ಆಬ್ಜೆಕ್ಟುಗಳನ್ನು ಬೈಟುಗಳ ಸಾಲಾಗಿ ಬರೆದಿಟ್ಟು, ಹೊಸ ಕೋಡ್ ಬಂದ ಮೇಲೆ ಮರಳಿ ಓದುವುದು. ಜಾವಾದಲ್ಲಿ ಇದಕ್ಕೆ ಸೀರಿಯಲೀಕರಣ ಎಂದು ಹೆಸರು. ಟಾಮ್‌ಕ್ಯಾಟ್ ಕ್ರಮಬದ್ಧವಾಗಿ ನಿಲ್ಲುವಾಗ ಸೆಷನ್‌ಗಳನ್ನು ಕಡತವೊಂದಕ್ಕೆ ಬರೆದು, ಮತ್ತೆ ಆರಂಭವಾದಾಗ ಓದಿಕೊಳ್ಳಬಲ್ಲದು. ಇದರಿಂದ ಲೋಡರಿನ ತೊಡಕು ನಿವಾರಣೆಯಾಗುತ್ತದೆ. ಬೈಟುಗಳಿಗೆ ಲೋಡರ್ ಇಲ್ಲ.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಸೆಷನ್‌ನಲ್ಲಿರುವ ಪ್ರತಿಯೊಂದು ಆಬ್ಜೆಕ್ಟೂ ಸೀರಿಯಲೀಕರಣಕ್ಕೆ ಅರ್ಹವಾಗಿರಬೇಕು. ದತ್ತಸಂಚಯದ ಸಂಪರ್ಕ, ತೆರೆದ ಕಡತ ಮುಂತಾದವನ್ನು ಬರೆದಿಡಲಾಗದು. ಎರಡನೆಯದಾಗಿ, ಪ್ರತಿ ಕ್ಲಾಸಿಗೂ ಒಂದು ಆವೃತ್ತಿಸಂಖ್ಯೆ ಇರುತ್ತದೆ. ತಂತ್ರಾಂಶ ರಚಿಸುವವರು ಅದನ್ನು ತಾವೇ ನಮೂದಿಸದಿದ್ದರೆ ಕ್ಲಾಸಿನ ರಚನೆಯಿಂದ ಅದು ತಾನಾಗಿ ಲೆಕ್ಕವಾಗುತ್ತದೆ. ಒಂದು ಮೆಥಡ್ ಸೇರಿಸಿದರೂ ಸಂಖ್ಯೆ ಬದಲಾಗಿ, ಹಳೆಯ ಬೈಟುಗಳನ್ನು ಹೊಸ ಕ್ಲಾಸ್ ನಿರಾಕರಿಸಬಹುದು. ಮೂರನೆಯದು ಭದ್ರತೆಗೆ ಸಂಬಂಧಿಸಿದ್ದು. ನಂಬಲರ್ಹವಲ್ಲದ ಮೂಲದಿಂದ ಬಂದ ಬೈಟುಗಳನ್ನು ಈ ವಿಧಾನದಲ್ಲಿ ಓದಿದರೆ ಆಕ್ರಮಣಕಾರನ ಆಜ್ಞೆಗಳು ಸರ್ವರಿನಲ್ಲಿ ನಡೆಯುವ ಸಾಧ್ಯತೆಯನ್ನು ಕ್ರಿಸ್ ಫ್ರೋಹಾಫ್ ಮತ್ತು ಗೇಬ್ರಿಯಲ್ ಲಾರೆನ್ಸ್ ಅವರು 2015ರಲ್ಲಿ ತೋರಿಸಿಕೊಟ್ಟರು.

ಅನ್ವಯವನ್ನು ಮತ್ತೆ ಮತ್ತೆ ಬದಲಿಸುವಲ್ಲಿ ಸ್ಮೃತಿಯ ಸೋರಿಕೆಯೂ ಉಂಟು. ಹಳೆಯ ಲೋಡರಿನ ಒಂದೇ ಒಂದು ಆಬ್ಜೆಕ್ಟನ್ನು ಸರ್ವರಿನ ಯಾವುದೋ ಮೂಲೆ ಹಿಡಿದುಕೊಂಡಿದ್ದರೂ ಆ ಲೋಡರ್ ಮತ್ತು ಅದರ ಸಮಸ್ತ ಕ್ಲಾಸುಗಳು ಸ್ಮೃತಿಯಲ್ಲಿಯೇ ಉಳಿಯುತ್ತವೆ. ನೋಂದಾಯಿಸಿ ಮರೆತ ದತ್ತಸಂಚಯ ಚಾಲಕ, ನಿಲ್ಲದೆ ಉಳಿದ ಥ್ರೆಡ್ ಇದಕ್ಕೆ ಸಾಮಾನ್ಯ ಕಾರಣಗಳು. 2014ರ ಜಾವಾ 8ರಲ್ಲಿ ಕ್ಲಾಸುಗಳ ವಿವರವನ್ನು ಮೆಟಾಸ್ಪೇಸ್ ಎಂಬ ಹೊಸ ಸ್ಥಳಕ್ಕೆ ಸಾಗಿಸಲಾಯಿತಾದರೂ ಸೋರಿಕೆಯ ಕಾರಣ ಹೋಗಲಿಲ್ಲ. ಅದು ಅನುಭವಕ್ಕೆ ಬರುವುದು ತಡವಾಯಿತು ಅಷ್ಟೆ.

ಎರಡು ಆವೃತ್ತಿಗಳ ಸಹಬಾಳ್ವೆ

ನಿಲ್ಲದ ಸೇವೆಯ ಸಮಸ್ಯೆಯನ್ನು ವೆಬ್‌ಗಿಂತ ಮೊದಲು ಎದುರಿಸಿದ ಕ್ಷೇತ್ರ ದೂರವಾಣಿಯದು. ವಿನಿಮಯ ಕೇಂದ್ರದ ತಂತ್ರಾಂಶ ತಿದ್ದುವ ನೆಪದಲ್ಲಿ ಊರಿನ ಕರೆಗಳನ್ನೆಲ್ಲ ಕಡಿಯುವಂತಿರಲಿಲ್ಲ. ಭಾರತದಲ್ಲಿ ಸಿ-ಡಾಟ್ ಸಂಸ್ಥೆಯು ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು ಕರ್ನಾಟಕದ ಕಿತ್ತೂರಿನಲ್ಲಿ ಸ್ಥಾಪನೆಗೊಂಡ 1986ರಲ್ಲಿಯೇ, ಸ್ವೀಡನ್ನಿನ ಎರಿಕ್‌ಸನ್ ಸಂಸ್ಥೆಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಸಹೋದ್ಯೋಗಿಗಳು ಎರ್ಲಾಂಗ್ ಭಾಷೆಯ ಕೆಲಸಕ್ಕೆ ತೊಡಗಿದರು. ಎರ್ಲಾಂಗ್‌ನಲ್ಲಿ ಒಂದು ಘಟಕದ ಹಳೆಯ ಮತ್ತು ಪ್ರಸಕ್ತ ರೂಪಗಳೆರಡೂ ಏಕಕಾಲದಲ್ಲಿ ಇರಬಲ್ಲವು. ಹಳೆಯದರಲ್ಲಿ ಆರಂಭವಾದ ಕೆಲಸ ಹಳೆಯದರಲ್ಲಿ ಮುಂದುವರಿದು, ಗೊತ್ತಾದ ಹಂತದಲ್ಲಿ ಹೊಸದಕ್ಕೆ ದಾಟುತ್ತದೆ.

ಜಾವಾ ವೆಬ್ ಸರ್ವರುಗಳು ಇದೇ ವಿಚಾರವನ್ನು ಸೆಷನ್‌ಗೆ ಅನ್ವಯಿಸಿಕೊಂಡವು. ಬಿಇಎ ಸಂಸ್ಥೆಯ ವೆಬ್‌ಲಾಜಿಕ್ 9 ಸರ್ವರ್ 2005ರಲ್ಲಿ ಈ ಸೌಲಭ್ಯ ನೀಡಿತು. ಮುಕ್ತ ತಂತ್ರಾಂಶವಾದ ಟಾಮ್‌ಕ್ಯಾಟ್ ತನ್ನ 7ನೆಯ ಆವೃತ್ತಿಯಲ್ಲಿ 'ಸಮಾಂತರ ನಿಯೋಜನೆ' ಎಂಬ ಹೆಸರಿನಲ್ಲಿ ಇದನ್ನು ಅಳವಡಿಸಿತು. ಅನ್ವಯದ ಕಡತದ ಹೆಸರಿಗೆ 'ಅರ್ಜಿ##001', 'ಅರ್ಜಿ##002' ಎಂಬಂತೆ ಆವೃತ್ತಿಯನ್ನು ಸೇರಿಸಲಾಗುತ್ತದೆ. ಎರಡೂ ಒಂದೇ ವಿಳಾಸದಲ್ಲಿ ದೊರೆಯುತ್ತವೆ. ಸೆಷನ್ ಇಲ್ಲದೆ ಬಂದವನು 002ಕ್ಕೆ ಹೋಗುತ್ತಾನೆ. 001ರಲ್ಲಿ ಸೆಷನ್ ಇರುವವನು 001ರಲ್ಲಿಯೇ ಮುಂದುವರಿಯುತ್ತಾನೆ. ಹಳೆಯ ಆವೃತ್ತಿಯ ಕೊನೆಯ ಸೆಷನ್ ಮುಗಿದಾಗ ಅದನ್ನು ತಾನಾಗಿ ತೆಗೆಯುವಂತೆಯೂ ಸೂಚಿಸಬಹುದು. ಪ್ರತಿ ಆಬ್ಜೆಕ್ಟೂ ತನ್ನ ಲೋಡರಿನ ಕೋಡನ್ನು ಮಾತ್ರ ಭೇಟಿಯಾಗುವುದರಿಂದ ಗುರುತಿನ ತೊಡಕು ಉದ್ಭವಿಸುವುದೇ ಇಲ್ಲ. ಆವೃತ್ತಿಗಳ ಹಿರಿಕಿರಿತನವನ್ನು ಸಂಖ್ಯೆಯಾಗಿ ನೋಡದೆ ಅಕ್ಷರಮಾಲೆಯಾಗಿ ಹೋಲಿಸಲಾಗುತ್ತದೆ ಎಂಬ ಚಿಕ್ಕ ವಿವರವನ್ನು ಇಲ್ಲಿ ಗಮನಿಸಬೇಕು. '9' ಮತ್ತು '10' ಎಂದು ಬರೆದರೆ '9' ದೊಡ್ಡದಾಗುತ್ತದೆ. ಮೊದಲಿಗೆ ಸೊನ್ನೆಗಳನ್ನು ಸೇರಿಸಿ '009', '010' ಎಂದು ಬರೆಯುವುದು ಸುರಕ್ಷಿತ.

ಈ ವಿಧಾನಕ್ಕೂ ಬೆಲೆ ಇದೆ. ಎರಡೂ ಆವೃತ್ತಿಗಳು ಸ್ಮೃತಿಯಲ್ಲಿರುತ್ತವೆ. ಒಂದು ಸೆಷನ್ ಸರಾಸರಿ 20 ಕಿಲೋಬೈಟ್ ಎಂದು ಭಾವಿಸಿದರೆ 5,000 ಬಳಕೆದಾರರಿಗೆ ಸುಮಾರು 100 ಮೆಗಾಬೈಟ್ ಬೇಕು. ಇದರ ಜೊತೆಗೆ ಕ್ಲಾಸುಗಳ ಎರಡು ಪ್ರತಿಗಳು. ಅವಧಿಯನ್ನು ಕೊನೆಯ ಕೋರಿಕೆಯಿಂದ ಎಣಿಸುವುದರಿಂದ, ಮಧ್ಯಾಹ್ನ ಎರಡಕ್ಕೆ ಹೊಸ ಆವೃತ್ತಿ ಬಂದರೆ ಎರಡೂವರೆಗೆ ಹಳೆಯದು ಖಾಲಿಯಾಗುತ್ತದೆ ಎಂಬ ಭರವಸೆಯಿಲ್ಲ. ಸಂಜೆಯವರೆಗೆ ಬಿಡುವಿಲ್ಲದೆ ಅರ್ಜಿಗಳನ್ನು ತುಂಬುವ ಕೇಂದ್ರದ ನಿರ್ವಾಹಕನು ಸಂಜೆಯವರೆಗೂ ಹಳೆಯದರಲ್ಲಿಯೇ ಇರುತ್ತಾನೆ. ಭದ್ರತಾ ದೋಷವಿರುವ ಹಳೆಯ ಆವೃತ್ತಿಯನ್ನು ಹೀಗೆ ಉಳಿಸಿಕೊಳ್ಳುವುದು ಸಲ್ಲದು. ಟಾಮ್‌ಕ್ಯಾಟ್ ಅಥವಾ ಜೆವಿಎಂ ಅನ್ನೇ ಬದಲಿಸಬೇಕಾದಾಗಲೂ ಈ ವಿಧಾನ ನೆರವಿಗೆ ಬರುವುದಿಲ್ಲ.

ಸೆಷನ್‌ಗೆ ಸರ್ವರಿನ ಹೊರಗೆ ನೆಲೆ

ಮೇಲಿನ ಮಿತಿಗಳಿಂದ ಹೊರಬರಲು ಒಂದಕ್ಕಿಂತ ಹೆಚ್ಚು ಸರ್ವರುಗಳು ಬೇಕು. ಮುಂದೆ ನಿಂತ ಭಾರಹಂಚಿಕೆ ಯಂತ್ರವು ಕೋರಿಕೆಗಳನ್ನು ಅವುಗಳಿಗೆ ಹಂಚುತ್ತದೆ. ಪರಿಷ್ಕರಣೆಯ ವೇಳೆ ಒಂದೊಂದೇ ಸರ್ವರಿಗೆ ಹೊಸ ಕೋರಿಕೆ ಕಳುಹಿಸುವುದನ್ನು ನಿಲ್ಲಿಸಿ, ಕೈಯಲ್ಲಿರುವ ಕೋರಿಕೆಗಳು ಮುಗಿದ ಮೇಲೆ ಅದನ್ನು ಬದಲಿಸಿ, ಅದು ಸಿದ್ಧವಾಗಿದೆ ಎಂದು ಖಚಿತವಾದ ನಂತರ ಸಾಲಿಗೆ ಸೇರಿಸಲಾಗುತ್ತದೆ. ಜೆಜ್ ಹಂಬಲ್ ಮತ್ತು ಡೇವಿಡ್ ಫಾರ್ಲಿ ಅವರ 2010ರ ಗ್ರಂಥದಲ್ಲಿ 'ನೀಲಿ-ಹಸಿರು' ಎಂದು ವಿವರಿಸಲಾದ ವಿಧಾನದಲ್ಲಿ ಇಡೀ ವ್ಯವಸ್ಥೆಯ ಎರಡು ಪ್ರತಿಗಳನ್ನಿಟ್ಟು ಒಮ್ಮೆಲೇ ಒಂದರಿಂದ ಇನ್ನೊಂದಕ್ಕೆ ದಾಟಲಾಗುತ್ತದೆ. 2014ರಲ್ಲಿ ಪ್ರಕಟವಾದ ಕುಬರ್ನೆಟಿಸ್ ಈ ಬಗೆಯ ಸರದಿ ಬದಲಾವಣೆಯನ್ನು ಯಾಂತ್ರೀಕರಿಸಿತು.

ಆದರೆ ಸೆಷನ್ ಒಂದೊಂದು ಸರ್ವರಿನ ಸ್ಮೃತಿಯಲ್ಲಿಯೇ ಇದ್ದರೆ ಆ ಸರ್ವರ್ ನಿಂತಾಗ ಅದೂ ಹೋಗುತ್ತದೆ. ಟಾಮ್‌ಕ್ಯಾಟ್ ಸರ್ವರುಗಳ ಗುಂಪಿನಲ್ಲಿ ಸೆಷನ್‌ಗಳನ್ನು ಪರಸ್ಪರ ನಕಲು ಮಾಡಬಹುದು. ಎಲ್ಲದರ ನಕಲು ಎಲ್ಲರ ಬಳಿ ಎಂಬ ಕ್ರಮವು ಸರ್ವರುಗಳ ಸಂಖ್ಯೆ ಹೆಚ್ಚಿದಂತೆ ಭಾರವಾಗುತ್ತದೆ. ಸೆಷನ್ ಅನ್ನು ಸರ್ವರುಗಳ ಹೊರಗೆ, 2009ರಲ್ಲಿ ಬಂದ ರೆಡಿಸ್‌ನಂತಹ ವೇಗದ ಸಂಗ್ರಹದಲ್ಲಿ ಇರಿಸುವುದು ಇಂದು ವ್ಯಾಪಕವಾಗಿರುವ ಕ್ರಮ. ಸ್ಪ್ರಿಂಗ್ ಸೆಷನ್ ಎಂಬ ಗ್ರಂಥಾಲಯವು ಜಾವಾ ಅನ್ವಯಗಳಲ್ಲಿ ಇದನ್ನು ಸುಲಭಗೊಳಿಸಿದೆ. ಆಗ ಯಾವ ಸರ್ವರ್ ಹೋದರೂ ಹೊರೆ ಬೇರೆ ಕಡೆ ಭದ್ರವಾಗಿರುತ್ತದೆ. ಟೋಕನ್ನಿಗೆ ಬೆಲೆ ಉಳಿಯುತ್ತದೆ.

ಇಲ್ಲಿ ಒಂದು ಹೊಸ ಹೊಣೆ ಹುಟ್ಟುತ್ತದೆ. ಪರಿಷ್ಕರಣೆಯ ಅವಧಿಯಲ್ಲಿ ಹಳೆಯ ಮತ್ತು ಹೊಸ ಸರ್ವರುಗಳು ಒಂದೇ ಸಂಗ್ರಹವನ್ನು ಓದಿ ಬರೆಯುತ್ತವೆ. ಹೊಸದು ಬರೆದುದನ್ನು ಹಳೆಯದು, ಹಳೆಯದು ಬರೆದುದನ್ನು ಹೊಸದು ಅರಿಯಬೇಕು. ಆದುದರಿಂದ ಸೆಷನ್‌ನಲ್ಲಿ ಕ್ಲಾಸಿಗೆ ಅಂಟಿಕೊಂಡ ಆಬ್ಜೆಕ್ಟುಗಳಿಗೆ ಬದಲಾಗಿ ಅಕ್ಷರ, ಸಂಖ್ಯೆಗಳಂತಹ ಸರಳ ದತ್ತಾಂಶವನ್ನು ಹೆಸರಿಸಿದ ಜೋಡಿಗಳಾಗಿ ಇಡುವುದು, ಹೊಸ ಹೆಸರನ್ನು ಸೇರಿಸಬಹುದಾದರೂ ಇರುವ ಹೆಸರಿನ ಅರ್ಥವನ್ನು ಬದಲಿಸದಿರುವುದು, ಗುರುತಿಲ್ಲದ ಹೆಸರನ್ನು ದೋಷವೆನ್ನದೆ ಹಾಗೆಯೇ ಉಳಿಸುವುದು ಅವಶ್ಯಕ.

ಅರ್ಥ ಬದಲಾಗುವುದು ಹೇಗೆಂಬುದಕ್ಕೆ ಕನ್ನಡ ಗಣಕ ಬಳಕೆಯಲ್ಲಿಯೇ ಉದಾಹರಣೆಯಿದೆ. ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದ ಹೆಸರೂ ಯುನಿಕೋಡ್‌ನಲ್ಲಿ ಬರೆದ ಹೆಸರೂ ತೆರೆಯ ಮೇಲೆ ಒಂದೇ ರೀತಿ ಕಂಡರೂ ಬೈಟುಗಳಲ್ಲಿ ಸಂಪೂರ್ಣ ಭಿನ್ನ. ಅನ್ವಯವೊಂದರ ಹಳೆಯ ಆವೃತ್ತಿಯು ಮೊದಲನೆಯ ರೂಪವನ್ನೂ ಹೊಸದು ಎರಡನೆಯದನ್ನೂ ಒಂದೇ ಹೆಸರಿನಡಿ ಬರೆದರೆ ಅರ್ಜಿದಾರನ ಹೆಸರು ಅರ್ಥವಿಲ್ಲದ ಅಕ್ಷರಗಳ ಗುಂಪಾಗುತ್ತದೆ. ಎರಡಕ್ಕೂ ಬೇರೆ ಹೆಸರು ಕೊಟ್ಟರೆ ಈ ಅನಾಹುತ ತಪ್ಪುತ್ತದೆ.

ದತ್ತಸಂಚಯ ಮತ್ತು ತೆರೆದ ಪುಟ

ಸೆಷನ್‌ಗೆ ಅನ್ವಯಿಸುವ ನಿಯಮ ದತ್ತಸಂಚಯಕ್ಕೂ ಅನ್ವಯಿಸುತ್ತದೆ. 'ವಿಳಾಸ' ಎಂಬ ಅಂಕಣವನ್ನು 'ಗ್ರಾಮ', 'ತಾಲ್ಲೂಕು' ಎಂದು ವಿಭಜಿಸಬೇಕಾದರೆ ಅದನ್ನು ಒಂದೇ ಹೆಜ್ಜೆಯಲ್ಲಿ ಮಾಡುವಂತಿಲ್ಲ. ಮೊದಲು ಹೊಸ ಅಂಕಣಗಳನ್ನು ಸೇರಿಸಿ ಹಳೆಯದನ್ನೂ ಉಳಿಸಬೇಕು. ಬಳಿಕ ಎರಡಕ್ಕೂ ಬರೆಯುವ ಆವೃತ್ತಿಯನ್ನು ನಿಯೋಜಿಸಿ, ಹಿಂದಿನ ದಾಖಲೆಗಳನ್ನು ಹೊಸ ಅಂಕಣಗಳಿಗೆ ತುಂಬಬೇಕು. ಅನಂತರ ಹೊಸದನ್ನು ಮಾತ್ರ ಬಳಸುವ ಆವೃತ್ತಿ ಬರಬೇಕು; ಹಳೆಯ ಆವೃತ್ತಿಯ ಸರ್ವರುಗಳೆಲ್ಲ ಹೋದ ಮೇಲೆ ಹಳೆಯ ಅಂಕಣವನ್ನು ತೆಗೆಯಬೇಕು. ಇದು ನಿಧಾನದ ಮಾರ್ಗವಾದರೂ ಪ್ರತಿ ಹೆಜ್ಜೆಯಿಂದಲೂ ಹಿಂದಕ್ಕೆ ಬರಲು ಅವಕಾಶವಿರುವ ಮಾರ್ಗ.

ಸಾಮಾನ್ಯವಾಗಿ ಗಮನಕ್ಕೆ ಬಾರದ ಮೂರನೆಯ ಸ್ಥಳವೊಂದಿದೆ. ಬಳಕೆದಾರನ ಬ್ರೌಸರಿನಲ್ಲಿ ತೆರೆದಿರುವ ಪುಟವೂ ಅನ್ವಯದ ಹಳೆಯ ಆವೃತ್ತಿಯ ತುಣುಕೇ ಆಗಿದೆ. ಸರ್ವರುಗಳೆಲ್ಲ ಹೊಸದಾದರೂ ಅರ್ಧ ಗಂಟೆಯ ಹಿಂದೆ ತೆರೆದ ಪುಟದಿಂದ ಹಳೆಯ ರೂಪದ ಅರ್ಜಿ ಬರಬಹುದು. ನಮೂನೆಯ ಆವೃತ್ತಿಸಂಖ್ಯೆಯನ್ನು ಪುಟದಲ್ಲಿಯೇ ಅಡಗಿಸಿಟ್ಟು, ಹಿಂದಿನ ಒಂದು ಆವೃತ್ತಿಯ ನಮೂನೆಯನ್ನಾದರೂ ಸ್ವೀಕರಿಸುವಂತೆ ಹೊಸ ಕೋಡ್ ಬರೆಯುವುದು ಇದಕ್ಕೆ ಉಪಾಯ.

ಬದಲಾಗುವುದನ್ನು ಕೋಡಿನಿಂದ ಬೇರ್ಪಡಿಸುವುದು

ಪರಿಷ್ಕರಣೆಯ ಅಗತ್ಯವನ್ನೇ ತಗ್ಗಿಸುವುದು ಇನ್ನೊಂದು ಮಾರ್ಗ. ಸೇವಾ ಸಿಂಧು ರೂಪುಗೊಂಡಿರುವುದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಸರ್ವೀಸ್‌ಪ್ಲಸ್ ಚೌಕಟ್ಟಿನ ಮೇಲೆ. ಈ ಚೌಕಟ್ಟಿನ ಮೂಲ ವಿಚಾರವೆಂದರೆ ಸೇವೆಯ ವಿವರಣೆಯನ್ನು ಕೋಡಿನಲ್ಲಿ ಬರೆಯದೆ ದತ್ತಾಂಶವಾಗಿ ಇಡುವುದು. ಅರ್ಜಿಯ ನಮೂನೆಯಲ್ಲಿ ಯಾವ ಪ್ರಶ್ನೆಗಳಿರಬೇಕು, ಅದು ಯಾವ ಅಧಿಕಾರಿಯಿಂದ ಯಾರಿಗೆ ಸಾಗಬೇಕು, ಯಾವ ದಾಖಲೆಗಳನ್ನು ಲಗತ್ತಿಸಬೇಕು ಎಂಬುದನ್ನು ಸಂರಚನೆಯ ಮೂಲಕ ನಿರೂಪಿಸಲಾಗುತ್ತದೆ. ಹೊಸ ಸೇವೆಯೊಂದನ್ನು ಸೇರಿಸಲು ಹೊಸ ಕ್ಲಾಸ್ ಬರೆಯುವ ಅಗತ್ಯ ಹೀಗೆ ಕಡಿಮೆಯಾಗುತ್ತದೆ. ಸರ್ಕಾರಿ ನಿಯಮಗಳು ಆಗಾಗ ಬದಲಾಗುತ್ತವೆ, ಚೌಕಟ್ಟು ವಿರಳವಾಗಿ ಬದಲಾಗುತ್ತದೆ. ಆಗಾಗ ಬದಲಾಗುವುದು ದತ್ತಾಂಶವಾಗಿದ್ದರೆ ಕೋಡನ್ನು ಮುಟ್ಟುವ ಸಂದರ್ಭಗಳು ವಿರಳವಾಗುತ್ತವೆ. ಆದರೆ ದತ್ತಾಂಶದ ಬದಲಾವಣೆಯೂ ಬದಲಾವಣೆಯೇ ಆದುದರಿಂದ, ಅರ್ಧ ತುಂಬಿದ ಅರ್ಜಿಯನ್ನು ಅದು ಆರಂಭವಾದ ನಮೂನೆಯಲ್ಲಿಯೇ ಮುಗಿಸಲು ಬಿಡುವ ನಿಯಮ ಇಲ್ಲಿಯೂ ಬೇಕು.

ಉಪಸಂಹಾರ

ಜಾವಾ ವೆಬ್ ಅನ್ವಯಗಳ ಪರಿಷ್ಕರಣೆಗೆ ಎಲ್ಲ ಸಂದರ್ಭಗಳಿಗೂ ಒಪ್ಪುವ ಒಂದೇ ಸಾಧನವಿಲ್ಲ. ಮೆಥಡಿನ ಒಳಗಿನ ತುರ್ತು ತಿದ್ದುಪಡಿಗೆ ಹಾಟ್‌ಸ್ವಾಪ್ ಸಾಕು. ಒಂದೇ ಸರ್ವರಿನ ಸಣ್ಣ ವ್ಯವಸ್ಥೆಗೆ ಸಮಾಂತರ ನಿಯೋಜನೆ ಯೋಗ್ಯ. ದೊಡ್ಡ ಸಾರ್ವಜನಿಕ ಸೇವೆಗೆ ಹಲವು ಸರ್ವರುಗಳು, ಹೊರಗಿರಿಸಿದ ಸೆಷನ್ ಮತ್ತು ಹಂತಹಂತವಾಗಿ ಬದಲಾಗುವ ದತ್ತಸಂಚಯ ಅಗತ್ಯ. ಇವೆಲ್ಲವುಗಳ ಹಿಂದೆ ಇರುವ ಸೂತ್ರ ಒಂದೇ: ಬಳಕೆದಾರನ ಕೆಲಸವು ಕೋಡಿನ ಯಾವುದೇ ಒಂದು ಆವೃತ್ತಿಗೆ ಅಂಟಿಕೊಂಡಿರಬಾರದು.

ಈ ಸೂತ್ರವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕಾಗುತ್ತದೆ. ಗ್ರಾಮದ ಕೇಂದ್ರದಲ್ಲಿ ಸೆಷನ್ ಕಳೆಯುವುದು ಸರ್ವರಿನ ಮರುಚಾಲನೆಯಿಂದ ಮಾತ್ರವಲ್ಲ. ವಿದ್ಯುತ್ ಹೋಗಬಹುದು, ಸಂಪರ್ಕ ಕಡಿಯಬಹುದು, ದಾಖಲೆ ತರಲು ಮನೆಗೆ ಹೋದ ಅರ್ಜಿದಾರನು ಮರಳುವಷ್ಟರಲ್ಲಿ 30 ನಿಮಿಷ ಕಳೆದಿರಬಹುದು. ಸರ್ವರಿನ ಕಡೆಯ ಯಾವ ತಂತ್ರವೂ ಇವುಗಳನ್ನೆಲ್ಲ ತಡೆಯಲಾರದು. ಪ್ರತಿ ಪುಟ ಮುಗಿದಂತೆ ಅರ್ಜಿಯ ಕರಡನ್ನು ದತ್ತಸಂಚಯದಲ್ಲಿ ಉಳಿಸಿ, ಸೆಷನ್‌ನಲ್ಲಿ ಬಳಕೆದಾರನ ಗುರುತನ್ನಷ್ಟೇ ಇಟ್ಟುಕೊಂಡರೆ, ಸೆಷನ್ ಹೋದಾಗ ಕಳೆಯುವುದು ಪ್ರವೇಶ ಮಾತ್ರ. ಮತ್ತೊಮ್ಮೆ ಪ್ರವೇಶಿಸಿದರೆ ಅರ್ಜಿಯು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹೀಗೆ ರಚಿಸಿದ ವ್ಯವಸ್ಥೆಯಲ್ಲಿ ನಿರ್ವಾಹಕರು ಭದ್ರತಾ ತಿದ್ದುಪಡಿಯನ್ನು ಬಂದ ದಿನವೇ ಅಳವಡಿಸಬಹುದು, ಕೊಂಡಜ್ಜಿಯ ಅರ್ಜಿದಾರನೂ ತಾನು ತುಂಬಿದ ನಾಲ್ಕು ಪುಟಗಳನ್ನು ಕಳೆದುಕೊಳ್ಳುವುದಿಲ್ಲ.